ಬಸವನ ಪಾದದಿಂದ ಬೈರಮಂಗಲದವರೆಗೆ: ಒಂದು ಹೊಳೆ, ಎರಡು ಸೈಕಲ್, ಒಂದು ಗಾಳ

ಬೆಂಗಳೂರಲ್ಲಿ ಹೊಳೆ ಇದೆಯಾ ಅಂತ ಊರಲ್ಲಿ ಯಾರನ್ನಾದರೂ ಕೇಳಿ ನೋಡಿ. ಇಲ್ಲ ಅನ್ನುತ್ತಾರೆ. ಅಲ್ಲೇ ಹುಟ್ಟಿ ಬೆಳೆದವರನ್ನು ಕೇಳಿದರೂ ಹೆಚ್ಚಿನವರ ಉತ್ತರ ಅದೇ. ಮೋರಿ ಇದೆ, ರಾಜಕಾಲುವೆ ಇದೆ, ಹೊಳೆ ಎಲ್ಲಿಂದ ಬರಬೇಕು ಅಂತ ನಗುತ್ತಾರೆ.

ಹೊಳೆ ಇದೆ. ಅದರ ಹೆಸರು ವೃಷಭಾವತಿ. ಬಸವನಗುಡಿಯಲ್ಲಿ ಹುಟ್ಟಿ, ಚಾಮರಾಜಪೇಟೆಯ ಮಗ್ಗುಲಲ್ಲಿ ಇಳಿದು, ಮೈಸೂರು ರಸ್ತೆಯ ಪಕ್ಕದಲ್ಲಿ ಕೆಂಗೇರಿ ದಾಟಿ, ಬಿಡದಿ ಹತ್ತಿರ ಬೈರಮಂಗಲದ ಕೆರೆ ತುಂಬಿಸಿ, ಆಮೇಲೆ ಅರ್ಕಾವತಿ ಸೇರುತ್ತದೆ. ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. ಅಂದರೆ ನಗರದ ನಡುಮಧ್ಯದ ಒಂದು ಗುಡ್ಡದ ನೀರು ಹಳ್ಳಿಗಳನ್ನು ಹಾದೇ ಸಮುದ್ರಕ್ಕೆ ಹೋಗಬೇಕು.

ನಾವು ಮೂವರು. ಪತ್ರಿಕೋದ್ಯಮ ಓದಿದವರು, ಮೂವರೂ ಹಳ್ಳಿಯಿಂದ ಬಂದವರು. ಚಾಮರಾಜಪೇಟೆಯಲ್ಲಿ ಒಂದು ರೂಮು ಮಾಡಿಕೊಂಡಿದ್ದೇವೆ. ಊರಲ್ಲಿದ್ದಾಗ ಹೊಳೆದಂಡೆ, ಕೆರೆ ಏರಿ ಅಂದರೆ ನಮಗೆ ಮೂರು ಕೆಲಸ: ನಡೆಯೋದು, ಸೈಕಲ್ ಹೊಡೆಯೋದು, ಗಾಳ ಹಾಕೋದು. ಬೆಂಗಳೂರಿನಲ್ಲಿ ಒಂದು ಹೊಳೆಯ ದಂಡೆ ಹಿಡಿದು ಈ ಮೂರನ್ನೂ ಮಾಡೋಕಾಗುತ್ತಾ ಅಂತ ನೋಡುವ ಮನಸ್ಸಾಯಿತು. ಮೂರು ಭಾನುವಾರ ಹೋದೆವು. ಎರಡು ದಿನ ಕಾಲ್ನಡಿಗೆ, ಒಂದು ದಿನ ಸೈಕಲ್ಲು. ಸೈಕಲ್ಲಿದ್ದದ್ದು ಎರಡೇ, ಒಬ್ಬರು ಹಿಂದೆ ಕೂತು ಸರದಿ ಬದಲಾಯಿಸಿಕೊಂಡೆವು. ಚೀಲದಲ್ಲಿ ಒಂದು ಗಾಳ, ಒಂದಷ್ಟು ನೈಲಾನ್ ದಾರ, ಬೆಂಡು ಇಟ್ಟುಕೊಂಡಿದ್ದೆವು.

ಬಸವನ ಪಾದ

ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಕಾರ್ತಿಕ ಮಾಸದ ಕೊನೆ ಸೋಮವಾರ ಅಲ್ಲಿ ಕಡಲೆಕಾಯಿ ಪರಿಷೆ. ಮಾಗಡಿ, ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯಿಂದ ರೈತರು ಮೂಟೆ ಹೊತ್ತು ಬರುತ್ತಾರೆ, ತಮಿಳುನಾಡಿಂದಲೂ ಬರುತ್ತಾರೆ. ಈ ಜಾಗದ ಹಳೆ ಹೆಸರು ಸುಂಕೇನಹಳ್ಳಿ. ಕಡಲೆಕಾಯಿ ಬೆಳೆಯುವ ಊರು. ಹುಣ್ಣಿಮೆ ಬೆಳಕಲ್ಲಿ ಬಸವ ಬಂದು ಹೊಲ ಮೇಯುತ್ತಿತ್ತು, ರೈತರು ಅಟ್ಟಿಸಿಕೊಂಡು ಹೋದಾಗ ಕಲ್ಲಾಗಿ ಕೂತಿತು, ಅಂದಿನಿಂದ ಮೊದಲ ಫಸಲು ಅವನಿಗೆ ಅನ್ನೋದು ಕಥೆ. ಹದಿನೈದು ಅಡಿ ಎತ್ತರ, ಇಪ್ಪತ್ತು ಅಡಿ ಉದ್ದದ ಆ ಏಕಶಿಲೆಯ ಬಸವನ ಪಾದದಡಿಯಲ್ಲಿ ಹೊಳೆ ಹುಟ್ಟುತ್ತದೆ ಅನ್ನೋದು ಅದೇ ಕಥೆಯ ಇನ್ನೊಂದು ಭಾಗ. ವೃಷಭ ಅಂದರೆ ಬಸವ. ಅದಕ್ಕೇ ವೃಷಭಾವತಿ.

ನಂಬಿಕೆ ಬದಿಗಿಟ್ಟು ನೆಲ ನೋಡಿದರೂ ಲೆಕ್ಕ ಕೂಡುತ್ತದೆ. ಬೆಂಗಳೂರು ಇರುವುದು ಒಂದು ದಿಣ್ಣೆಯ ಮೇಲೆ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ. ದಿಣ್ಣೆಯ ಪಶ್ಚಿಮಕ್ಕೆ ಬಿದ್ದ ಮಳೆ ಅರ್ಕಾವತಿ, ಕಾವೇರಿ ಕಡೆಗೆ. ಪೂರ್ವಕ್ಕೆ ಬಿದ್ದದ್ದು ದಕ್ಷಿಣ ಪಿನಾಕಿನಿ ಹಿಡಿದು ತಮಿಳುನಾಡಿಗೆ. ಬಸವಣ್ಣನ ಗುಡಿ ಪಕ್ಕದ ಕಹಳೆ ಬಂಡೆಯ ಮೇಲೆ ನಿಂತರೆ ನೀರು ಇಳಿಯುವ ದಾರಿ ಕಾಲಿಗೇ ತಿಳಿಯುತ್ತದೆ. ಇಲ್ಲಿನ ಕಲ್ಲು ಸುಮಾರು 300 ಕೋಟಿ ವರ್ಷ ಹಳೆಯದು. ಮಳೆ ಇಂಥ ಬಂಡೆಯೊಳಗೆ ಇಳಿಯುವುದಿಲ್ಲ. ಬಿರುಕಲ್ಲಿ ಜಿನುಗುತ್ತದೆ, ಉಳಿದದ್ದು ಇಳಿಜಾರು ಹಿಡಿಯುತ್ತದೆ. ದೊಡ್ಡ ನದಿ ಹುಟ್ಟುವ ಜಾಗವಲ್ಲ, ಆದರೆ ಹಳ್ಳ ಹುಟ್ಟುವ ಜಾಗ ಖಂಡಿತ.

ಬೆಳಗಿನ ಆರಕ್ಕೆ ಹೋದಾಗ ಬಂಡೆಯ ಸುತ್ತಲ ಉದ್ಯಾನದಲ್ಲಿ ನಡೆಯುವವರು ತುಂಬಿದ್ದರು. ಹೊಳೆ ಎಲ್ಲಿ ಅಂತ ಮೂವರನ್ನು ಕೇಳಿದೆವು. ಇಬ್ಬರು ಗೊತ್ತಿಲ್ಲ ಅಂದರು. ಮೂರನೆಯವರು, ಪಂಚೆ ಉಟ್ಟ ಹಿರಿಯರು, ಗುಡಿಯ ಕಡೆ ಕೈತೋರಿಸಿ, "ಅಲ್ಲಿ ಹುಟ್ತಾಳೆ, ಇಲ್ಲಿ ಕಾಣಲ್ಲ. ಕಾಣಬೇಕು ಅಂದ್ರೆ ಮೈಸೂರು ರೋಡಿಗೆ ಹೋಗಿ, ಮೂಗು ಮುಚ್ಕೊಂಡು ನೋಡಿ" ಅಂದರು.

ಹತ್ತಿರದಲ್ಲೇ ಕಾರಂಜಿ ಆಂಜನೇಯ ಗುಡಿ ಇದೆ. ಕಾರಂಜಿ ಅನ್ನುವುದು ಒಂದು ಕೆರೆಯ ಹೆಸರು. ಕೆರೆ ಹೋಗಿದೆ, ದೇವರ ಹೆಸರಲ್ಲಿ ಮಾತ್ರ ಉಳಿದಿದೆ.

ಕೆಂಪಾಂಬುಧಿ: ನಡೆಯಬಹುದು, ಅಷ್ಟೆ

ಬಸವನಗುಡಿಯಿಂದ ಕೆಳಗಿಳಿದು ಗವಿಪುರದ ಕಡೆ ನಡೆದರೆ ಅರ್ಧ ಗಂಟೆಯೊಳಗೆ ಕೆಂಪಾಂಬುಧಿ ಕೆರೆ. ಗವಿ ಗಂಗಾಧರೇಶ್ವರನ ಗುಡಿ ಪಕ್ಕದಲ್ಲೇ ಇದೆ. ಸಂಕ್ರಾಂತಿಯ ದಿನ ಸೂರ್ಯನ ಕಿರಣ ಲಿಂಗದ ಮೇಲೆ ಬೀಳುವುದನ್ನು ಟಿ.ವಿ.ಯಲ್ಲಿ ನೋಡಿರುತ್ತೀರಿ, ಅದೇ ಗುಡಿ. ಕೆರೆ ಕೆಂಪೇಗೌಡರ ಕಾಲದ್ದು, 16ನೇ ಶತಮಾನ. ಅವರ ಹೆಸರಿನ ನಾಲ್ಕು ಗಡಿ ಗೋಪುರಗಳಲ್ಲಿ ಒಂದು ಇಲ್ಲೇ ಇದೆ. ಉಳಿದವು ಲಾಲ್‌ಬಾಗ್, ಹಲಸೂರು ಮತ್ತು ಮೇಖ್ರಿ ವೃತ್ತದ ಹತ್ತಿರ.

ಊರ ಕೆರೆ ನೋಡಿದ ಕಣ್ಣಿಗೆ ಕೆಂಪಾಂಬುಧಿಯ ಲೆಕ್ಕಾಚಾರ ಬೇಗ ಅರ್ಥವಾಗುತ್ತದೆ. ಮೇಲಿನ ಬಂಡೆಗಳ ನೀರು ಬಂದು ನಿಲ್ಲಬೇಕು, ಏರಿ ತಡೆಯಬೇಕು, ತೂಬಿನಿಂದ ಗದ್ದೆಗೆ ಹೋಗಬೇಕು, ಹೆಚ್ಚಾದದ್ದು ಕೋಡಿ ಬಿದ್ದು ಮುಂದಿನ ಹಳ್ಳಕ್ಕೆ ಇಳಿಯಬೇಕು. ಈಗ ಗದ್ದೆ ಇಲ್ಲ, ಅಚ್ಚುಕಟ್ಟಿನ ತುಂಬಾ ಮನೆಗಳು. ಉಳಿದಿರುವುದು ಕೆರೆ, ಬೇಲಿ, ಸುತ್ತ ನಡೆಯುವ ದಾರಿ. ಸುತ್ತಲ ಬಡಾವಣೆಗಳ ಕೊಳಚೆಯ ಕಾಟವನ್ನು ದಶಕಗಳಿಂದ ತಿಂದ ಕೆರೆ ಇದು.

ಆದರೂ ಈ ನಡಿಗೆ ದಾರಿಯನ್ನು ನಾವು ಹಗುರವಾಗಿ ನೋಡುವುದಿಲ್ಲ. ಎರಡು ಕೋಣೆಯ ಮನೆಯಲ್ಲಿ ಐದು ಜನ ಬದುಕುವ ಬೀದಿಗಳ ನಡುವೆ ಇಷ್ಟು ಆಕಾಶ, ಇಷ್ಟು ಗಾಳಿ ಸಿಗುವ ಜಾಗ ಇನ್ನೊಂದಿಲ್ಲ. ಮಂಡಿನೋವಿನ ಅಜ್ಜಿಯರು, ಸಕ್ಕರೆ ಕಾಯಿಲೆಯವರು, ಕೈಹಿಡಿದು ನಡೆಯುವ ಗಂಡಹೆಂಡಿರು, ನೀರಕ್ಕಿ ಎಣಿಸುವ ಹುಡುಗರು ಎಲ್ಲರೂ ಅಲ್ಲಿದ್ದರು. ನಡಿಗೆ ದಾರಿಯಿಂದ ಒಂದು ದೊಡ್ಡ ಉಪಕಾರ ಆಗುತ್ತದೆ: ದಿನಾ ನೋಡುವ ಕಣ್ಣುಗಳಿರುವ ಕೆರೆಯನ್ನು ಒತ್ತುವರಿ ಮಾಡುವುದು ಕಷ್ಟ.

ಸೈಕಲ್ಲಿಗೆ ಇಂಥ ಕೆರೆ ಪಾರ್ಕುಗಳಲ್ಲಿ ಸಾಮಾನ್ಯವಾಗಿ ಪ್ರವೇಶ ಇರುವುದಿಲ್ಲ. ಗಾಳದ ಮಾತೇ ಬೇಡ. ಕಾವಲುಗಾರರೊಬ್ಬರನ್ನು ಕೇಳಿದೆವು. "ಮೀನು ಹಿಡಿದು ಏನ್ ಮಾಡ್ತೀರಪ್ಪಾ? ತಿಂತೀರಾ?" ಅಂತ ವಾಪಸ್ ಕೇಳಿದರು. ಅವರ ಪ್ರಶ್ನೆಗೆ ಉತ್ತರ ಹುಡುಕುತ್ತಾ ಉಳಿದ ದಾರಿ ನಡೆದೆವು.

ಹೊಳೆ ಕಣ್ಣಿಗೆ ಬಿದ್ದದ್ದು

ಮೈಸೂರು ರಸ್ತೆಯ ಗಾಳಿ ಆಂಜನೇಯ ಗುಡಿ ಹೊಳೆಯ ಮಗ್ಗುಲಲ್ಲೇ ಇದೆ. ವ್ಯಾಸರಾಯರು ಪ್ರತಿಷ್ಠೆ ಮಾಡಿದ್ದು ಅನ್ನುವ ಪ್ರತೀತಿ. ವೃಷಭಾವತಿ ಮತ್ತು ಪಶ್ಚಿಮವಾಹಿನಿ ಅನ್ನುವ ಎರಡು ಹಳ್ಳ ಸೇರುವ ಕಡೆ ಕಟ್ಟಿದ ಗುಡಿ ಅಂತ ಹೇಳುತ್ತಾರೆ. ಎರಡು ನೀರು ಕೂಡುವ ಜಾಗದಲ್ಲಿ ಗುಡಿ ಕಟ್ಟುವುದು ನಮ್ಮ ನಾಡಿನ ಹಳೆ ಪದ್ಧತಿ. ಸ್ನಾನ ಮಾಡಿ, ಒದ್ದೆ ಬಟ್ಟೆಯಲ್ಲೇ ಕೈಮುಗಿಯಬಹುದಾದ ಜಾಗ ಅದು.

ಇವತ್ತು ಅಲ್ಲಿ ಹರಿಯುವುದು ಎರಡೂ ಕಡೆ ಗೋಡೆ ಕಟ್ಟಿದ ಕಪ್ಪು ನೀರು. ಮೈಸೂರು ರಸ್ತೆಯ ಮೇಲಿನ ಮೆಟ್ರೊದಲ್ಲಿ ಬಂದವರು ಕಿಟಕಿಯಿಂದ ಕೆಳಗೆ ನೋಡಿದರೆ ಕಾಣುತ್ತದೆ. ದಂಡೆ ಅನ್ನುವುದೇ ಇಲ್ಲ. ಗೋಡೆ, ಗೋಡೆಯ ಮೇಲೆ ಜಾಲರಿ. ಜಾಲರಿ ಹಾಕಿದ್ದು ಕಸ ಎಸೆಯದಿರಲಿ ಅಂತ. ಅಲ್ಲಿ ನಿಂತಾಗ ನಮಗೆ ಒಂದು ವಿಷಯ ಹೊಳೆಯಿತು: ಹೊಳೆಯ ಪಕ್ಕದಲ್ಲೇ ಲಕ್ಷಾಂತರ ಜನ ದಿನವೂ ಓಡಾಡುತ್ತಾರೆ, ಆದರೆ ಹೊಳೆಯ ಜೊತೆ ಯಾರೂ ನಡೆಯುವುದಿಲ್ಲ.

ಮಲ್ಲೇಶ್ವರದ ಕವಲು ಮತ್ತು ಸತ್ತ ಮೀನು

ವೃಷಭಾವತಿಗೆ ಇನ್ನೊಂದು ತವರು ಇದೆ. ಮಲ್ಲೇಶ್ವರದ ಕಾಡು ಮಲ್ಲೇಶ್ವರ ಗುಡಿಯ ಎದುರು ದಕ್ಷಿಣಮುಖ ನಂದಿ ತೀರ್ಥ. ಮಣ್ಣಲ್ಲಿ ಮುಚ್ಚಿಹೋಗಿದ್ದದ್ದು 1990ರ ದಶಕದ ಕೊನೆಯಲ್ಲಿ ಅಗೆದಾಗ ಸಿಕ್ಕಿತು. ಕಲ್ಲಿನ ನಂದಿಯ ಬಾಯಿಂದ ನೀರು ಲಿಂಗದ ಮೇಲೆ ಬಿದ್ದು ಕಲ್ಯಾಣಿಗೆ ಇಳಿಯುತ್ತದೆ. ಹೊಳೆ ಹುಟ್ಟುವುದು ಇಲ್ಲಿ ಅನ್ನುತ್ತಾರೆ ಮಲ್ಲೇಶ್ವರದವರು, ಅಲ್ಲ ನಮ್ಮಲ್ಲಿ ಅನ್ನುತ್ತಾರೆ ಬಸವನಗುಡಿಯವರು. ಎರಡೂ ಸರಿ ಅಂತ ಇಟ್ಟುಕೊಳ್ಳಬಹುದು, ಹೊಳೆಗೆ ಒಂದೇ ಕವಲು ಇರಬೇಕು ಅಂತ ಏನೂ ಇಲ್ಲವಲ್ಲ. ತಮಾಷೆ ಏನಂದರೆ ತವರುಮನೆಯ ಹಕ್ಕಿಗೆ ಇಬ್ಬರು ಕಿತ್ತಾಡುತ್ತಾರೆ, ಮಗಳ ಈಗಿನ ಸ್ಥಿತಿ ಕೇಳುವವರು ಕಮ್ಮಿ.

ಈ ಎರಡೂ ಬಡಾವಣೆ ದೊಡ್ಡದಾಗಿ ಬೆಳೆದದ್ದು 1898ರ ಪ್ಲೇಗಿನ ನಂತರ. ಪೇಟೆಯ ಇಕ್ಕಟ್ಟಿನಲ್ಲಿ ಜನ ಸತ್ತರು, ಗಾಳಿ ಬೆಳಕು ಇರುವ ಅಗಲ ರಸ್ತೆ ಬೇಕು ಅಂತ ಕಟ್ಟಿದ ಊರುಗಳು ಇವು. ಶುಚಿಗಾಗಿ ಕಟ್ಟಿದ ಬಡಾವಣೆಗಳ ನೀರೇ ಕೊನೆಗೆ ಕೆಳಗಿನವರ ಪಾಲಿಗೆ ಕೊಳಚೆಯಾಯಿತು.

ಮಲ್ಲೇಶ್ವರದವರ ನಡಿಗೆಯ ಜಾಗ ಸ್ಯಾಂಕಿ ಕೆರೆ. 1882ರಲ್ಲಿ ಕರ್ನಲ್ ರಿಚರ್ಡ್ ಸ್ಯಾಂಕಿ ಕಟ್ಟಿಸಿದ್ದು. ಹತ್ತಿರದಲ್ಲಿ ಗಂಧದ ಕೋಠಿ ಇದ್ದದ್ದರಿಂದ ಗಂಧದಕೋಟಿ ಕೆರೆ ಅಂತಲೂ ಹೆಸರಿತ್ತು. ಸುಮಾರು 37 ಎಕರೆ. ಬೆಂಗಳೂರಲ್ಲಿ ನೀರಿನ ಪಕ್ಕ ನಡೆಯುವುದಕ್ಕೆ ಇಷ್ಟು ಚೆಂದದ ಜಾಗ ಕಮ್ಮಿ. ಆದರೆ ಇದೇ ಕೆರೆಯಲ್ಲಿ 1995ರ ಜೂನ್ ತಿಂಗಳಲ್ಲಿ ಮೀನುಗಳು ರಾಶಿ ರಾಶಿ ಸತ್ತು ತೇಲಿದವು. ಹಲಸೂರು ಕೆರೆಯಲ್ಲಿ 2016ರ ಮಾರ್ಚಿನಲ್ಲಿ ಸಾವಿರಾರು ಮೀನು ಹಾಗೇ ಸತ್ತವು.

ಮೀನು ಯಾಕೆ ಹಾಗೆ ಒಂದೇ ದಿನ ಸಾಯುತ್ತವೆ? ನಿಮ್ಮ ಊರ ಕೆರೆಗೂ ಬೇಕಾದ ವಿಷಯ ಇದು. ಕೊಳಚೆ ನೀರಿಗೆ ಬಿದ್ದರೆ ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ಹೆಚ್ಚುತ್ತವೆ. ಅವು ಉಸಿರಾಡಲು ನೀರಲ್ಲಿ ಕರಗಿದ ಆಮ್ಲಜನಕವನ್ನೇ ಎಳೆದುಕೊಳ್ಳುತ್ತವೆ. ಹಗಲು ಪಾಚಿ ಆಮ್ಲಜನಕ ಬಿಡುತ್ತದೆ, ರಾತ್ರಿ ಅದೂ ಆಮ್ಲಜನಕ ತೆಗೆದುಕೊಳ್ಳುತ್ತದೆ. ಹೀಗಾಗಿ ಬೆಳಗಿನ ಜಾವ ನೀರಲ್ಲಿ ಉಸಿರೇ ಇರುವುದಿಲ್ಲ. ಬೇಸಿಗೆ ಕೊನೆಯಲ್ಲಿ ನೀರು ಕಮ್ಮಿ ಇದ್ದಾಗ ಮೊದಲ ಜೋರು ಮಳೆ ಬಂದು ಮೋರಿಗಳ ಕಸವನ್ನೆಲ್ಲ ತಂದು ಸುರಿದರೆ ಒಂದೇ ರಾತ್ರಿಗೆ ಕಥೆ ಮುಗಿಯುತ್ತದೆ. ಕಾಟ್ಲಾ, ರೋಹು ಮೊದಲು ಹೋಗುತ್ತವೆ. ಆಫ್ರಿಕನ್ ಕ್ಯಾಟ್‌ಫಿಶ್ ಬದುಕುತ್ತದೆ, ಯಾಕೆಂದರೆ ಅದು ನೀರ ಮೇಲೆ ಬಾಯಿ ತೆರೆದು ಗಾಳಿಯನ್ನೇ ಎಳೆಯಬಲ್ಲದು. ಅದನ್ನು ಸಾಕುವುದು ನಮ್ಮ ದೇಶದಲ್ಲಿ ನಿಷೇಧ, ಆದರೂ ಕೊಳಕು ಕೆರೆಗಳಲ್ಲಿ ಅದೇ ರಾಜ.

ಹಾಗಾಗಿ ಬೆಳಗಿನ ಐದೂವರೆಗೆ ಕೆರೆ ದಂಡೆಗೆ ಹೋಗಿ ನೋಡಿ. ಮೀನುಗಳು ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ಕೆರೆಗೆ ಉಸಿರು ಕಟ್ಟುತ್ತಿದೆ ಅಂತ ಅರ್ಥ. ಇದಕ್ಕೆ ಯಾವ ಲ್ಯಾಬೂ ಬೇಡ.

ಬೇಸಿಗೆಯಲ್ಲೂ ಬತ್ತದ ಹೊಳೆ

ಇಂಥ ಗುಡ್ಡದ ಹಳ್ಳ ಮಳೆಗಾಲ ಮುಗಿದ ಮೇಲೆ ಬತ್ತಬೇಕು. ವೃಷಭಾವತಿ ಏಪ್ರಿಲಿನಲ್ಲೂ ಹರಿಯುತ್ತದೆ. ಆ ನೀರು ಎಲ್ಲಿಂದ ಬಂತು?

ಬೆಂಗಳೂರಿಗೆ ಮೊದಲು ನಲ್ಲಿ ನೀರು ಬಂದದ್ದು ಹೆಸರಘಟ್ಟದಿಂದ, 1890ರ ದಶಕದಲ್ಲಿ. ಆಮೇಲೆ 1933ರಲ್ಲಿ ತಿಪ್ಪಗೊಂಡನಹಳ್ಳಿ. ಎರಡೂ ಅರ್ಕಾವತಿಯ ನೀರು. 1974ರಿಂದ ಕಾವೇರಿ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪು ಮಾಡಿ ತರುತ್ತಾರೆ. 2024ರ ಅಕ್ಟೋಬರಿನಲ್ಲಿ ಐದನೇ ಹಂತ ಶುರುವಾಯಿತು, ಅದೊಂದರಿಂದಲೇ ದಿನಕ್ಕೆ 77.5 ಕೋಟಿ ಲೀಟರ್. ಮನೆಗೆ ಬಂದ ನೀರಿನಲ್ಲಿ ನೂರಕ್ಕೆ ಎಂಬತ್ತು ಪಾಲು ಬಚ್ಚಲು, ಪಾಯಿಖಾನೆಯಿಂದ ಹೊರಗೆ ಹೋಗುತ್ತದೆ ಅನ್ನುವುದು ಎಂಜಿನಿಯರುಗಳ ಸಾಮಾನ್ಯ ಲೆಕ್ಕ.

ನಗರದ ಪಶ್ಚಿಮ ಭಾಗದಲ್ಲಿ ಆ ನೀರೆಲ್ಲ ಇಳಿಯುವುದು ವೃಷಭಾವತಿ ಕಣಿವೆಗೆ. ಸ್ವಲ್ಪ ಶುದ್ಧೀಕರಣ ಘಟಕ ಹಾದು ಬರುತ್ತದೆ, ಸ್ವಲ್ಪ ನೇರವಾಗಿ ಬರುತ್ತದೆ. ಕಾರ್ಖಾನೆಗಳ ನೀರು ದಾರಿಯಲ್ಲಿ ಸೇರಿಕೊಳ್ಳುತ್ತದೆ. ಹಾಗೆ ಇಳಿದದ್ದು ಅರ್ಕಾವತಿ ಹಿಡಿದು ಮತ್ತೆ ಕಾವೇರಿ ಸೇರುತ್ತದೆ. ಕಾವೇರಿಯಿಂದ ಎತ್ತಿದ ತಿಳಿನೀರು ಕಾವೇರಿಗೇ ವಾಪಸ್, ಬೇರೆ ಬಣ್ಣದಲ್ಲಿ. ನಡುವೆ ಇರುವವರು ಹಳ್ಳಿಯವರು.

ಸೈಕಲ್ ದಾರಿ

ಮೂರನೇ ಭಾನುವಾರ ಇನ್ನೂ ಕತ್ತಲಿರುವಾಗ ಚಾಮರಾಜಪೇಟೆ ಬಿಟ್ಟೆವು. ಬಿಡದಿಗೆ ಸುಮಾರು 30 ಕಿ.ಮೀ. ಹೊಳೆ ಪಕ್ಕದಲ್ಲೇ ಇದೆ, ಆದರೆ ಹೊಳೆಯ ಪಕ್ಕ ಸೈಕಲ್ ದಾರಿ ಇಲ್ಲ. ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಪ್ರವೇಶ ಇಲ್ಲ, ಸೈಕಲ್ಲಿಗೂ ಇಲ್ಲ. ಆ ಕಡೆಯ ಊರಿನವರಿಗೆ ಇದು ಚೆನ್ನಾಗಿ ಗೊತ್ತು. ಸರ್ವಿಸ್ ರಸ್ತೆಯಲ್ಲಿ ಲಾರಿ, ಬಸ್ಸುಗಳ ನಡುವೆ ನುಸುಳಿಕೊಂಡು ಹೋದೆವು.

ಒಂದು ಮಾತು ಹೇಳಬೇಕು. ಇಷ್ಟು ದೂರ, ಇಷ್ಟು ಸಮನಾದ ಇಳಿಜಾರು, ಸೈಕಲ್ಲಿಗೆ ಹೇಳಿ ಮಾಡಿಸಿದ್ದು. ನೀರು ತನಗೆ ಸುಲಭದ ದಾರಿಯನ್ನೇ ಹುಡುಕಿಕೊಂಡಿರುತ್ತದೆ. ಹೊಳೆಯ ದಂಡೆಗೆ ಹತ್ತಡಿ ಮಣ್ಣಿನ ದಾರಿ ಇದ್ದರೆ ಕೆಂಗೇರಿ, ಬಿಡದಿ ಕಡೆಯಿಂದ ಕೆಲಸಕ್ಕೆ ಬರುವ ಗಾರೆಯವರು, ಗಾರ್ಮೆಂಟ್ಸಿನ ಹೆಣ್ಣುಮಕ್ಕಳು, ಕಾಲೇಜು ಹುಡುಗರು ಸೈಕಲ್ಲಲ್ಲೇ ಓಡಾಡಬಹುದಿತ್ತು. ಹೊಳೆದಂಡೆಯ ದಾರಿ ಅಂದರೆ ಬೆಳಗಿನ ವಾಕಿಂಗಿನವರಿಗೆ ಮಾತ್ರ ಅಂತ ಯಾಕೆ ಅಂದುಕೊಳ್ಳಬೇಕು?

ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂದು ಬೈರಮಂಗಲದ ಕಡೆ ತಿರುಗಿದೆವು. ಕೆರೆ ಕಾಣುವ ಮೊದಲೇ ವಾಸನೆ ಬಂತು. 1940ರ ದಶಕದಲ್ಲಿ ನೀರಾವರಿಗೆ ಅಂತ ಕಟ್ಟಿದ ಜಲಾಶಯ ಇದು. ನೀರು ಎತ್ತರದಿಂದ ಧುಮುಕುವ ಕಡೆ ಬಿಳಿ ನೊರೆ ಎದ್ದಿತ್ತು. ಸೋಪು, ಬಟ್ಟೆ ಪುಡಿಯ ಅಂಶ ಇರುವ ನೀರು ಬಿದ್ದು ಕಲಕಿದರೆ ನೊರೆ ಏಳುತ್ತದೆ, ಬಕೆಟ್ಟಿನಲ್ಲಿ ಏಳುವ ಹಾಗೇ. ಗಾಳಿಗೆ ನೊರೆಯ ಉಂಡೆಗಳು ಹಾರಿ ತೋಟಕ್ಕೆ ಬೀಳುತ್ತಿದ್ದವು.

ಹುಲ್ಲು ಕೊಯ್ಯುತ್ತಿದ್ದ ಯಜಮಾನರೊಬ್ಬರ ಹತ್ತಿರ ಕೂತೆವು. ನಮ್ಮ ಚೀಲದಿಂದ ಗಾಳದ ದಾರ ಇಣುಕುತ್ತಿದ್ದದ್ದು ನೋಡಿ ನಕ್ಕರು. "ಅದನ್ನ ಒಳಗಿಡ್ರಪ್ಪ. ನಮ್ಮಪ್ಪ ಇಲ್ಲಿ ಕೊರವ ಹಿಡಿದು ತಂದ್ರೆ ನಮ್ಮವ್ವ ಹುಣಸೆಹುಳಿ ಹಾಕಿ ಸಾರು ಮಾಡೋಳು. ಈಗ ನನ್ ಮೊಮ್ಮಗ ಈ ನೀರಿಗೆ ಕಾಲು ಇಟ್ರೆ ನಾನು ಬೈತೀನಿ" ಅಂದರು.

ಈ ಭಾಗದಲ್ಲಿ ಭತ್ತ ಹೋಗಿ ಬೇಬಿ ಕಾರ್ನ್, ಮೇವಿನ ಹುಲ್ಲು, ಹಿಪ್ಪುನೇರಳೆ ಬಂದಿವೆ. ಬೆಂಗಳೂರಿನ ಆಟ್ರೀ ಸಂಸ್ಥೆಯ ಸಂಶೋಧಕರು ಈ ನೀರಲ್ಲಿ ಭಾರಲೋಹಗಳು ಇರುವುದನ್ನು ಅಳೆದು ತೋರಿಸಿದ್ದಾರೆ. ಭಾರಲೋಹ ಕಣ್ಣಿಗೆ ಕಾಣುವುದಿಲ್ಲ, ಕುದಿಸಿದರೆ ಹೋಗುವುದಿಲ್ಲ.

ಹಾಗಂತ ಈ ನೀರು ನಿಲ್ಲಿಸಿ ಅಂತ ಯಜಮಾನರು ಹೇಳಲಿಲ್ಲ. "ನಿಲ್ಸಿದ್ರೆ ನಾವೇನು ಮಣ್ಣು ತಿನ್ನಾಣಾ? ಬೋರ್‌ವೆಲ್ಲಲ್ಲಿ ನೀರೆಲ್ಲಿದೆ? ಚೊಕ್ಕ ಮಾಡಿ ಬಿಡ್ರಿ ಅಂತೀವಿ ಅಷ್ಟೆ." ಬರಗಾಲದಲ್ಲೂ ಹನ್ನೆರಡು ತಿಂಗಳು ಬರುವ ನೀರು, ಅದರಲ್ಲಿ ಗೊಬ್ಬರದ ಸತ್ವವೂ ಇದೆ. ಬೇಡ ಅನ್ನಲಾಗದು, ಬೇಕು ಅನ್ನಲೂ ಆಗದು. ಗಾಳ ಚೀಲದಲ್ಲೇ ಉಳಿಯಿತು.

ದಾರಿ ಮೊದಲೋ, ನೀರು ಮೊದಲೋ

ಬೆಂಗಳೂರಲ್ಲಿ ಈಗ ರಾಜಕಾಲುವೆಯ ಪಕ್ಕ ನಡಿಗೆ ದಾರಿ ಮಾಡುವ ಕೆಲಸ ನಡೆದಿದೆ. ಕೆ-100 ಅಂತ ಕರೆಯುತ್ತಾರೆ. ಮೆಜೆಸ್ಟಿಕ್ ಕಡೆಯಿಂದ ಕೆ.ಆರ್. ಮಾರ್ಕೆಟ್, ಶಾಂತಿನಗರ ಹಾದು ಬೆಳ್ಳಂದೂರಿನ ಕಡೆಗೆ, ಸುಮಾರು 10 ಕಿ.ಮೀ. ಇದು ವೃಷಭಾವತಿಯಲ್ಲ, ದಿಣ್ಣೆಯ ಆಚೆ ಬದಿಯ ಕೋರಮಂಗಲ ಕಣಿವೆ. ಕಾಲುವೆಗೆ ಬೀಳುವ ಕೊಳಚೆಯನ್ನು ಬೇರೆ ಪೈಪಿಗೆ ತಿರುಗಿಸಿ, ದಂಡೆಯಲ್ಲಿ ಕೂರುವ ಕಟ್ಟೆ, ಗಿಡ, ದಾರಿ ಮಾಡುವ ಯೋಜನೆ. ಒಳ್ಳೆಯ ಆಲೋಚನೆ. ಬೆನ್ನು ತಿರುಗಿಸಿ ಕಟ್ಟಿದ ಮನೆಗಳು ಕಾಲುವೆಯ ಕಡೆ ಮುಖ ಮಾಡಿದರೆ ಕಸ ಎಸೆಯುವುದು ಕಮ್ಮಿಯಾಗುತ್ತದೆ.

ಆದರೆ ಬೇರೆ ಊರುಗಳ ಕಥೆಯನ್ನೂ ನೋಡಬೇಕು. ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಚೊಂಗ್ಯೆಚೊನ್ ಅನ್ನುವ ಹಳ್ಳದ ಮೇಲೆ ರಸ್ತೆ ಕಟ್ಟಿದ್ದರು. ಅದನ್ನು ಕಿತ್ತು 2005ರಲ್ಲಿ ಹಳ್ಳವನ್ನು ತೆರೆದರು, ಸುಮಾರು 6 ಕಿ.ಮೀ. ನಡಿಗೆ ದಾರಿ. ಅಲ್ಲಿ ಹರಿಯುವ ನೀರಿನಲ್ಲಿ ಹೆಚ್ಚಿನದು ದೊಡ್ಡ ನದಿಯಿಂದ ಪಂಪು ಮಾಡಿ ತಂದದ್ದು. ಅಹಮದಾಬಾದಿನ ಸಾಬರಮತಿ ದಂಡೆಯಲ್ಲಿ ನಡೆಯಲು, ಸೈಕಲ್ ಹೊಡೆಯಲು ಉದ್ದದ ದಾರಿ ಇದೆ. ಅಲ್ಲಿ ನಿಂತಿರುವುದು ನರ್ಮದೆಯಿಂದ ತಂದ ನೀರು. ವಾಸಣಾ ಬ್ಯಾರೇಜಿನ ಕೆಳಗೆ ಇಳಿದರೆ ನಗರದ, ಕಾರ್ಖಾನೆಗಳ ಹೊಲಸು ನೀರು ಹಳ್ಳಿಗಳ ಪಾಲಿಗೆ. ದಾರಿ ಚೆಂದ, ಹೊಳೆ ಸಾಲದ್ದು.

ಲಂಡನ್ನಿನ ಥೇಮ್ಸ್ ನದಿಯನ್ನು 1957ರಲ್ಲಿ ಸತ್ತ ನದಿ ಅಂತ ಘೋಷಿಸಿದ್ದರು. ಅವರು ಮೊದಲು ಮಾಡಿದ್ದು ಕೊಳಚೆ ಶುದ್ಧೀಕರಣ ಘಟಕಗಳನ್ನು ಸರಿಪಡಿಸಿದ್ದು. 1974ರಲ್ಲಿ ಸಾಲ್ಮನ್ ಮೀನು ಮತ್ತೆ ಸಿಕ್ಕಿತು. ಮೊದಲು ನೀರು, ಆಮೇಲೆ ಮೀನು.

ನಮಗೆ ತೋಚಿದ ಅಳತೆಗೋಲು ಇಷ್ಟೆ. ಹೊಳೆದಂಡೆಯಲ್ಲಿ ನಡೆಯುವವರಿಗೆ ಹೊಳೆ ಕಣ್ಣಿಗೆ ಚೆಂದ ಕಂಡರೆ ಸಾಕು. ಸೈಕಲ್ಲಿನವರಿಗೆ ದಾರಿ ತುಂಡಾಗದೆ ಮುಂದೆ ಹೋದರೆ ಸಾಕು. ಗಾಳ ಹಾಕುವವನಿಗೆ ಇವೆರಡೂ ಸಾಲದು, ನೀರೇ ಸರಿ ಇರಬೇಕು. ಹಿಡಿದ ಮೀನನ್ನು ಮನೆಗೆ ತಂದು ಮಕ್ಕಳಿಗೆ ಬಡಿಸಬಹುದು ಅನ್ನುವ ಧೈರ್ಯ ಎಲ್ಲಿದೆಯೋ ಅಲ್ಲಿ ಹೊಳೆ ಬದುಕಿದೆ. ಅಂಥ ನೀರು ಕೆಳಗಿನ ಊರಿಗೆ ಹೋದರೆ ಕೆಳಗಿನವರೂ ಬದುಕುತ್ತಾರೆ.

ಇದು ನಮ್ಮೂರಿನ ಮಾತೂ ಹೌದು

ನಗರದ ವಿಷಯ ನಮಗ್ಯಾಕೆ ಅನ್ನಬೇಡಿ. ಕೋಲಾರದ ಕೆರೆಗಳಿಗೆ 2018ರಿಂದ ಬೆಂಗಳೂರಿನ ಎರಡು ಹಂತ ಶುದ್ಧೀಕರಿಸಿದ ನೀರು ಬರುತ್ತಿದೆ. ಬತ್ತಿದ ಕೆರೆ ತುಂಬಿದ್ದಕ್ಕೆ ಖುಷಿಪಟ್ಟವರೂ ಇದ್ದಾರೆ, ಮೂರನೇ ಹಂತದ ಶುದ್ಧೀಕರಣ ಬೇಕು ಅಂತ ಹೋರಾಡಿದವರೂ ಇದ್ದಾರೆ. ವೃಷಭಾವತಿ ಕಣಿವೆಯ ನೀರನ್ನು ಶುದ್ಧೀಕರಿಸಿ ನೆಲಮಂಗಲದ ಕಡೆಯ ಕೆರೆಗಳಿಗೆ ಏರಿಸುವ ಯೋಜನೆಯೂ ಇದೆ. ನಾಳೆ ನಿಮ್ಮೂರ ಕೆರೆಗೂ ಬರಬಹುದು.

ನಡಿಗೆ ದಾರಿಯಂತೂ ಆಗಲೇ ಹಳ್ಳಿಗೆ ಬಂದಿದೆ. 2022ರಲ್ಲಿ ಶುರುವಾದ ಅಮೃತ ಸರೋವರ ಯೋಜನೆಯಲ್ಲಿ ಜಿಲ್ಲೆಗೆ 75 ಕೆರೆಕಟ್ಟೆ ಅಂತ ಗುರಿ ಇತ್ತು. ಬಹಳ ಕಡೆ ಹೂಳು ತೆಗೆದು, ಏರಿ ಮೇಲೆ ದಾರಿ ಮಾಡಿ, ಧ್ವಜದ ಕಟ್ಟೆ ಕಟ್ಟಿದ್ದಾರೆ. ನಿಮ್ಮೂರಲ್ಲಿ ಇಂಥದ್ದು ಆಗುವುದಿದ್ದರೆ ಗ್ರಾಮಸಭೆಯಲ್ಲಿ ನಾಲ್ಕು ಪ್ರಶ್ನೆ ಕೇಳಿ.

ಒಂದು, ಊರ ಬಚ್ಚಲು ನೀರು ಎಲ್ಲಿಗೆ ಹೋಗುತ್ತೆ? ಚರಂಡಿ ಕಟ್ಟಿ ಕೆರೆಗೆ ಬಿಟ್ಟರೆ ನಾವೇ ಒಂದು ಸಣ್ಣ ವೃಷಭಾವತಿ ಮಾಡಿದ ಹಾಗೆ. ಮನೆಗೊಂದು ಇಂಗುಗುಂಡಿಗೆ ನರೇಗಾದಲ್ಲಿ ಅವಕಾಶ ಇತ್ತು, ಈಗ ಯಾವ ಲೆಕ್ಕದಲ್ಲಿ ಸಿಗುತ್ತದೆ ಅಂತ ಪಿಡಿಒ ಅವರನ್ನು ಕೇಳಿ.

ಎರಡು, ದಾರಿ ಮಾಡುವಾಗ ಕೆರೆಗೆ ನೀರು ತರುವ ಕಾಲುವೆ, ನೀರು ಬಿಡುವ ಕೋಡಿ ಮುಚ್ಚಿಹೋಗುವುದಿಲ್ಲ ತಾನೇ?

ಮೂರು, ಸುತ್ತಲೂ ಕಲ್ಲು, ಕಾಂಕ್ರೀಟು ಹಾಕಬೇಕಾ? ಕೊರವದಂಥ ಮೀನು ಮೊಟ್ಟೆ ಇಡುವುದು ದಂಡೆಯ ಮೊಣಕಾಲುದ್ದದ ನೀರಲ್ಲಿ, ಜೊಂಡಿನ ಸಂದಿಯಲ್ಲಿ. ಒಂದು ಬದಿಯನ್ನಾದರೂ ಹಾಗೇ ಬಿಡಿ. ದನ ಇಳಿಯಲೂ ಬೇಕು, ಕಪ್ಪೆ ಹತ್ತಲೂ ಬೇಕು.

ನಾಲ್ಕು, ಮೀನಿನ ಹಕ್ಕು ಯಾರದ್ದು? ಚಿಕ್ಕ ಕೆರೆಗಳ ಮೀನನ್ನು ಪಂಚಾಯಿತಿ ಹರಾಜು ಹಾಕುತ್ತದೆ. ಹಾಕಲಿ, ಊರಿಗೆ ಹಣ ಬರಲಿ. ಆದರೆ ಊರ ಹುಡುಗರು ಒಂದು ಗಾಳ ಹಾಕಿ ಎರಡು ಪಕ್ಕೆ ಮೀನು ಹಿಡಿಯುವುದಕ್ಕೆ ಅಡ್ಡಿ ಇಲ್ಲ ಅಂತ ಷರತ್ತಿನಲ್ಲೇ ಬರೆಸಿಬಿಡಿ. ಗಾಳ ಹಾಕುವ ಹುಡುಗರಿಗೆ ನೀರಿನ ಬಣ್ಣ ಬದಲಾದರೆ ಎಲ್ಲರಿಗಿಂತ ಮೊದಲು ಗೊತ್ತಾಗುತ್ತದೆ. ಅವರಿಗಿಂತ ಒಳ್ಳೆಯ ಕಾವಲು ಕೆರೆಗೆ ಬೇರೆ ಸಿಗುವುದಿಲ್ಲ, ಅವರಿಗೆ ಸಂಬಳವನ್ನೂ ಕೊಡಬೇಕಿಲ್ಲ.